ವಾರಗಿತ್ತಿಗೆ ಹುಡುಕಿದ ಮನೆ

ಜಕ್ಕೂರಿನ ಹಳೇ ಊರಿನಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ನೆಲಮಹಡಿಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯರು ಗೌರಮ್ಮ, ಕಿರಿಯರು ಮುನಿಯಲ್ಲಮ್ಮ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಗಂಡಂದಿರಿಬ್ಬರೂ ತೀರಿಕೊಂಡಿದ್ದರು. ಮುನಿಯಲ್ಲಮ್ಮನಿಗೆ ಮಕ್ಕಳಿರಲಿಲ್ಲ. ಗೌರಮ್ಮನ ಮಗ ಬಾಲರಾಜು ಹೆಂಡತಿ ಮೋನಿಕಾಳೊಂದಿಗೆ ಮೊದಲ ಮಹಡಿಯಲ್ಲೇ ಇದ್ದ. ಹೊಲವಿದ್ದ ಜಾಗದಲ್ಲಿ ಈ ಕಟ್ಟಡ ಎಬ್ಬಿಸಿದವನೂ ಅವನೇ.

ವಾರಗಿತ್ತಿಯರಿಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತೆಂದು ಒಬ್ಬರು, ಬಟ್ಟೆ ಸರಿಯಾಗಿ ಹಿಂಡಿಲ್ಲವೆಂದು ಇನ್ನೊಬ್ಬರು. ಮೂರನೆಯ ಮಹಡಿಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಆದರೆ ಒಬ್ಬರು ಕೂರದೆ ಇನ್ನೊಬ್ಬರು ತಟ್ಟೆಯ ಮುಂದೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಗೌರಮ್ಮನ ಮರೆವು ಮೊದಮೊದಲು ಜಗಳದ ಒಂದು ಭಾಗದಂತೆಯೇ ಕಾಣುತ್ತಿತ್ತು. ತಾವೇ ಎಲ್ಲೋ ಇಟ್ಟ ಸಕ್ಕರೆ ಡಬ್ಬಿಯನ್ನು ಮುನಿಯಲ್ಲಮ್ಮ ಬಚ್ಚಿಟ್ಟಳು ಎನ್ನುವರು. ಆಮೇಲೆ ಗ್ಯಾಸ್ ತಿರುಗಿಸಿ ಹಚ್ಚುವುದನ್ನು ಮರೆತರು. ಒಂದು ಬೆಳಗ್ಗೆ ಹಸು ಬಿಚ್ಚಿಕೊಂಡು ಹೋಗಿದೆಯೆಂದು ಬರಿಗಾಲಲ್ಲಿ ಹೊರಟು ಬಳ್ಳಾರಿ ರಸ್ತೆಯ ನಡುವೆ ನಿಂತಿದ್ದರು. ಆ ಮನೆಯಲ್ಲಿ ಹಸು ಇಲ್ಲದೆ ಎಷ್ಟೋ ಕಾಲವಾಗಿತ್ತು. ಪರೀಕ್ಷೆ ಮಾಡಿದ ಡಾಕ್ಟರು, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನವಾಗಿ ಹೆಚ್ಚುತ್ತದೆ ಎಂದರು. ನೋಡಿಕೊಳ್ಳಲು ಗೊತ್ತುಮಾಡಿದ ಹೆಂಗಸರನ್ನು ಗೌರಮ್ಮ ಕಳ್ಳಿಯರೆಂದು ಹೊಡೆದು ಓಡಿಸಿದರು. ಸ್ನಾನ, ಊಟ, ಕಕ್ಕಸು ಎಲ್ಲವೂ ಮುನಿಯಲ್ಲಮ್ಮನ ಮೇಲೆ ಬಿತ್ತು. ಬಚ್ಚಲಲ್ಲಿ, ತಾವು ಅಕ್ಕ ಎನ್ನುತ್ತಿದ್ದ ಗೌರಮ್ಮ ಜಾರಿದಾಗ ಹಿಡಿಯಲು ಹೋಗಿ ತಾವೂ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಆ ವಾರ ಬಾಲರಾಜು ಮಾತೆತ್ತಿದ.

"ಚಿಕ್ಕಮ್ಮ, ಇನ್ನು ನಿಮ್ ಕೈಲಿ ಆಗಲ್ಲ. ಅಮ್ಮನ್ನ ಎಲ್ಲಾದ್ರೂ ಒಳ್ಳೇ ಕಡೆ ಸೇರಿಸೋಣ. ವೃದ್ಧಾಶ್ರಮ ಅಲ್ಲ, ಅಸಿಸ್ಟೆಡ್ ಲಿವಿಂಗ್ ಅಂತಾರೆ. ನರ್ಸ್ ಇರ್ತಾರೆ."

"ಇಂಗ್ಲಿಷಲ್ಲಿ ಏಳ್ಬುಟ್ರೆ ಪಾಪ ಕಮ್ಮಿ ಆಯ್ತದೇನೋ?" ಎಂದರು ಮುನಿಯಲ್ಲಮ್ಮ. "ಎತ್ತ ತಾಯಿನ ಒರಗ್ ಆಕ್ದ ಅಂತ ಊರೇ ಉಗೀತದೆ."

ಬಾಲರಾಜು ಮೆಟ್ಟಿಲ ಮೇಲೆ ಕೂತು ಅತ್ತ. ಐವತ್ತು ದಾಟಿದ ಗಂಡಸು ಹಾಗೆ ಅತ್ತದ್ದನ್ನು ಮುನಿಯಲ್ಲಮ್ಮನಿಗೆ ನೋಡಲಾಗಲಿಲ್ಲ. "ಸರಿ. ಆದ್ರೆ ಸೇರ್ಸೋ ಮನೆ ನಾನೇ ಉಡುಕ್ತೀನಿ," ಎಂದರು.

ಮೊದಲು ಯಲಹಂಕದ ಕಡೆ ಒಂದನ್ನು ನೋಡಿದರು. ಹೋಟೆಲಿನಂಥ ಕಟ್ಟಡ, ಹುಲ್ಲುಹಾಸು, ಭಜನೆಗೆ ಬೇರೆ ಕೋಣೆ. ಅಲ್ಲಿನ ಮ್ಯಾನೇಜರು, ಅಮ್ಮ ತಾವೇ ಎದ್ದು ಓಡಾಡುತ್ತಾರಾ ಎಂದು ಕೇಳಿದ. ಸದ್ಯಕ್ಕೆ ಓಡಾಡುತ್ತಾರೆ, ಮುಂದೆ ಮಲಗಿದಲ್ಲೇ ಆದರೆ ಏನು ಗತಿ ಎಂದು ಮುನಿಯಲ್ಲಮ್ಮ ಕೇಳಿದರು. "ಆಗ ಫ್ಯಾಮಿಲಿಯವ್ರು ಬೇರೆ ವ್ಯವಸ್ಥೆ ಮಾಡ್ಕೋಬೇಕಾಗುತ್ತೆ ಅಮ್ಮ," ಎಂದ. ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದುಬಂದರು.

ಎರಡನೆಯದು ಆರ್.ಟಿ. ನಗರದ ಒಂದು ಗಲ್ಲಿಯಲ್ಲಿತ್ತು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಂಚಗಳು, ಮೂತ್ರದ ವಾಸನೆ. ಕಿಟಕಿಯ ಹತ್ತಿರ ಒಬ್ಬ ಮುದುಕಿಯನ್ನು ಹಳೇ ಸೀರೆಯಿಂದ ಕುರ್ಚಿಗೆ ಕಟ್ಟಿದ್ದರು. ಬೀಳದಿರಲಿ ಎಂದು ಹಾಗೆ ಮಾಡಿದ್ದೇವೆ ಎಂದರಂತೆ. ಆಕೆ ಮುನಿಯಲ್ಲಮ್ಮನನ್ನು ನೋಡಿ, "ಬಿಚ್ಚವ್ವಾ" ಎಂದಳು. ಬಿಚ್ಚಲು ಕೈ ಬರಲಿಲ್ಲ, ಬಿಚ್ಚದೆ ಬಂದೆನಲ್ಲ ಎಂದು ಅವರು ನನ್ನ ಬಳಿ ಎಷ್ಟೋ ಸಲ ಹೇಳಿಕೊಂಡರು.

ಕೊಡಿಗೇಹಳ್ಳಿಯಲ್ಲಿದ್ದ ಮೂರನೆಯ ಮನೆಗೆ ಮುಂಚೆ ಹೇಳದೆ, ಬೇಕೆಂದೇ ಊಟದ ಹೊತ್ತಿಗೆ ಹೋದರು. ಹಜಾರದಲ್ಲಿ ಸಬೀರಾ ಎಂಬ ನರ್ಸು ಒಬ್ಬ ಅಜ್ಜಿಗೆ ಅನ್ನ ತಿನ್ನಿಸುತ್ತಿದ್ದಳು. ಅಜ್ಜಿ ನುಂಗುವವರೆಗೂ ಚಮಚ ಹಿಡಿದು ಕಾಯುತ್ತಿದ್ದಳು. ಮುನಿಯಲ್ಲಮ್ಮ ಬಾಗಿಲಲ್ಲೇ ನಿಂತು ಆ ಊಟ ಮುಗಿಯುವ ತನಕ ನೋಡಿದರು.

"ನಮ್ಮಕ್ಕ ಮನೆಗ್ ಓಯ್ತೀನಿ ಅಂತ ಅಟ ಮಾಡ್ತಾಳೆ. ಏನ್ ಮಾಡ್ತೀಯಮ್ಮ?"

"ಹೋಗೋಣ ಅಂತ ನಾನೂ ಚಪ್ಪಲಿ ಹಾಕ್ಕೋತೀನಿ ಅಮ್ಮ. ಅಂಗಳ ಸುತ್ತಿಸ್ಕೊಂಡು ಬರ್ತೀನಿ. ಗೇಟಿಗೆ ಮಾತ್ರ ಬೀಗ ಇರುತ್ತೆ, ಸುಳ್ಳು ಹೇಳಲ್ಲ. ಕೆಲವು ಸಲ ಅಳ್ತಾರೆ, ಏನೂ ಮಾಡಕ್ಕಾಗಲ್ಲ."

ಹಾಸಿಗೆ ಹಿಡಿದವರನ್ನೂ ಕೊನೆಯವರೆಗೆ ಇಟ್ಟುಕೊಳ್ಳುತ್ತಾರೆಂದು ಕೇಳಿ ತಿಳಿದುಕೊಂಡ ಮೇಲೆ ಮುನಿಯಲ್ಲಮ್ಮ ಒಪ್ಪಿದರು.

ಡಾಕ್ಟರ ಹತ್ತಿರ ಎಂದು ಸುಳ್ಳು ಹೇಳಿ ಗೌರಮ್ಮನನ್ನು ಕರೆದೊಯ್ದರು. ಗೌರಮ್ಮ ಮುನಿಯಲ್ಲಮ್ಮನ ಸೆರಗು ಹಿಡಿದುಕೊಂಡೇ ಕೂತಿದ್ದರು. ಸಬೀರಾ ಚಿತ್ರಾನ್ನದ ತಟ್ಟೆ ತಂದಾಗ ಸೆರಗು ಬಿಟ್ಟರು. ಆ ಸಮಯ ನೋಡಿ ಮುನಿಯಲ್ಲಮ್ಮ ಹಿಂಬಾಗಿಲಿಂದ ಹೊರಬಂದರು. ಅಂದು ಮನೆಯಲ್ಲಿ ಮೋನಿಕಾ ಎಷ್ಟು ಬೇಡಿಕೊಂಡರೂ ಅವರು ಊಟ ಮಾಡಲಿಲ್ಲ.

ಹೊಂದಿಕೊಳ್ಳಲಿ, ಕೆಲವು ದಿನ ಬರಬೇಡಿ ಎಂದಿದ್ದರು. ಆ ದಿನಗಳು ಕಳೆದ ಮೇಲೆ ಮುನಿಯಲ್ಲಮ್ಮ ಹೋದಾಗ ಗೌರಮ್ಮ ಪಕ್ಕದ ಮಂಚದ ಮಾರಮ್ಮನ ಜೊತೆ ಕೂತಿದ್ದರು. "ಮುನಿಯಾ, ನೀರ್ ಕೊಡೇ," ಎಂದು ಮಾರಮ್ಮನನ್ನು ಗದರಿದರು. ಮಾರಮ್ಮ ಸುಮ್ಮನೆ ಲೋಟ ಕೊಟ್ಟಳು.

"ಅಕ್ಕಾ, ಮುನಿಯಾ ನಾನು ಕಣಕ್ಕಾ."

ಗೌರಮ್ಮ ಮೇಲಿಂದ ಕೆಳಗೆ ನೋಡಿದರು. "ಯಾರಮ್ಮ ನೀವು? ನಮ್ ಮುನಿಯಾ ಇಲ್ಲೇ ಅವ್ಳಲ್ಲ."

ಹೊರಗೆ ಬಂದಾಗ ಸಬೀರಾ, "ತಿದ್ದಬೇಡಿ ಅಮ್ಮ, ಗಾಬರಿ ಆಗ್ತಾರೆ. ಮಾರಮ್ಮ ಜೊತೆಗಿದ್ರೆ ಊಟ ಮಾಡ್ತಾರೆ," ಎಂದಳು. ಮುನಿಯಲ್ಲಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. "ಇಷ್ಟ್ ವರ್ಸ ಬೈಸ್ಕೊಂಡೋಳು ನಾನು. ಈಗ ಆ ಬೈಗುಳಾನೂ ಬೇರೆಯೋಳ್ ಪಾಲಾಯ್ತಲ್ಲ," ಎಂದು ಬಿಕ್ಕಿದರು. ಒಂದು ತಿಂಗಳು ಅತ್ತ ಹೋಗಲೇ ಇಲ್ಲ.

ಅಷ್ಟರಲ್ಲಿ ಮಾರಮ್ಮನನ್ನು ಅವಳ ಮಗಳು ತುಮಕೂರಿಗೆ ಕರೆದುಕೊಂಡು ಹೋದಳು. ಗೌರಮ್ಮ ಕೋಣೆ ಕೋಣೆ ಹುಡುಕಿ ಊಟ ಬಿಟ್ಟರು. ಸುದ್ದಿ ತಿಳಿದ ಮುನಿಯಲ್ಲಮ್ಮ ಸೀರೆಗಳನ್ನು ಬ್ಯಾಗಿಗೆ ತುಂಬಿದರು.

"ಆ ಮಂಚ ಕಾಲಿ ಐತಲ್ಲ. ನಾನೋಗಿ ಇರ್ತೀನಿ."

"ಚಿಕ್ಕಮ್ಮ, ಇಬ್ಬರ್ನೂ ಹೊರಗೆ ಹಾಕ್ದ ಅಂತಾರೆ ನನ್ನ," ಎಂದ ಬಾಲರಾಜು.

"ಅನ್ಲಿ ಬಿಡು."

ಆ ಮಂಚದಲ್ಲಿ ಮಲಗಿದರೆ ಅಕ್ಕ ತಮ್ಮನ್ನು ಮತ್ತೆ ಮುನಿಯಾ ಎಂದಾಳು ಎಂದು ಆಸೆಪಟ್ಟಿದ್ದರು. ಹಾಗಾಗಲಿಲ್ಲ. ಗೌರಮ್ಮ ಮುನಿಯಲ್ಲಮ್ಮನನ್ನು ನೀವು ಎನ್ನುತ್ತಿದ್ದರು, ಒಮ್ಮೆಯೂ ಬೈಯಲಿಲ್ಲ. ದಿನವೂ, "ನಿಮ್ದು ಯಾವೂರಾಯ್ತು?" ಎಂದು ಕೇಳುವರು. ಜಕ್ಕೂರು ಎಂದರೆ, "ನಮ್ದೂ ಅದೇ. ನಮ್ ಮುನಿಯಾ ಗೊತ್ತಾ ನಿಮ್ಗೆ? ಬರ್ತೀನಂದೋಳು ಬರ್ನೇ ಇಲ್ಲ," ಎನ್ನುವರು. ತುತ್ತು ಹಿಡಿದ ಕೈಯನ್ನು ಕೆಲವು ಸಲ ತಳ್ಳುವರು, ಕೆಲವು ಸಲ ಬಾಯಿ ತೆರೆಯುವರು. ಆಷಾಢದಲ್ಲಿ ಜ್ವರ ಬಂದು, ಗುರುತು ಹಿಡಿಯದೆಯೇ ಹೋದರು.

ತಿಥಿ ಮುಗಿಸಿ ಮುನಿಯಲ್ಲಮ್ಮ ಕೊಡಿಗೇಹಳ್ಳಿಗೇ ಹಿಂತಿರುಗಿದರು. ಬಾಲರಾಜು ಕೈ ಮುಗಿದರೂ ಕೇಳಲಿಲ್ಲ. ನಾನು ನೋಡಲು ಹೋದಾಗ ಪಕ್ಕದ ಮಂಚಕ್ಕೆ ಹೊಸಬರು ಬಂದಿದ್ದರು, ಗೋಡೆಗೆ ಮುಖ ಮಾಡಿ ಮಲಗಿದ್ದರು. ಮನೆಗೆ ಯಾಕೆ ಬರಲಿಲ್ಲವೆಂದು ಕೇಳಿದೆ.

"ನಂಗೂ ಅಂಗೇ ಆದ್ರೆ ಅವ್ನು ಮತ್ತೆ ಮೆಟ್ಲು ಮೇಲ್ ಕೂತ್ಕೊಂಡ್ ಅಳ್ಬೇಕಾ? ಬುದ್ಧಿ ನೆಟ್ಟಗಿರೋವಾಗ್ಲೇ ನನ್ ಜಾಗ ನಾನ್ ನೋಡ್ಕೊಂಡಿವ್ನಿ," ಎಂದರು. ಪಕ್ಕದ ಮಂಚದ ಕಡೆ ನೋಡಿ, "ಇಲ್ಲಿ ಎಲ್ರೂ ಒಳ್ಳೇವ್ರೇ. ಜಗಳ ಆಡಕ್ಕೆ ಒಬ್ರೂ ಇಲ್ಲ," ಎಂದರು.

ಒಳಗಿನಿಂದ ಸಬೀರಾ ಊಟಕ್ಕೆ ಕರೆದಳು. ಮುನಿಯಲ್ಲಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದರು.