ಆಳಂದದ ಏರಿನಲ್ಲಿ ತಪ್ಪಿ ಬರೆದ ಅಂಕಿ

ನನ್ನ ಅಪ್ಪ ಆಳಂದದಲ್ಲಿ ಡೀಸೆಲ್ ಪಂಪಿನ ಮೆಕ್ಯಾನಿಕ್ ಆಗಿದ್ದ. ಲಾರಿಯ ಎಂಜಿನ್ನಿಗೆ ಎಷ್ಟು ಎಣ್ಣೆ ಹೋಗಬೇಕೆಂದು ನಿರ್ಧರಿಸುವ ಪಂಪನ್ನು ಬಿಚ್ಚಿ, ತೊಳೆದು, ಮತ್ತೆ ಹದಕ್ಕೆ ತರುವುದು ಅವನ ಕೆಲಸ. ಅಫಜಲಪುರ, ಜೇವರ್ಗಿ ಕಡೆಯ ಲಾರಿಯವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸದ್ದು ಕೇಳಿಯೇ ಯಾವ ಸಿಲಿಂಡರ್ ಸೋತಿದೆಯೆಂದು ಹೇಳಿಬಿಡುತ್ತಿದ್ದ. ಶಾಲೆ ಬಿಟ್ಟ ಮೇಲೆ ಅಂಗಡಿಯ ಕಟ್ಟೆಯ ಮೇಲೆಯೇ ನನ್ನ ಓದು. ನನ್ನ ಪುಸ್ತಕಗಳೆಲ್ಲ ಡೀಸೆಲ್ ನಾರುತ್ತಿದ್ದವು.

ಬಿ.ಎಸ್ಸಿ. ಮುಗಿಸಿದ ವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತು. ಓಡುವ ವಾಹನಗಳ ಹೊಗೆಯನ್ನು ದೂರದಿಂದಲೇ ಅಳೆಯುವ ಯಂತ್ರವೊಂದನ್ನು ಒಬ್ಬ ಪ್ರಾಧ್ಯಾಪಕರು ತರಿಸಿದ್ದರು. ರಸ್ತೆಯ ಒಂದು ಬದಿಯಲ್ಲಿ ದೀಪದ ಪೆಟ್ಟಿಗೆ, ಇನ್ನೊಂದು ಬದಿಯಲ್ಲಿ ಕನ್ನಡಿ. ಕಣ್ಣಿಗೆ ಕಾಣದ ಬೆಳಕು ಕನ್ನಡಿಗೆ ಹೋಗಿ ಮರಳಿ ಬರುತ್ತಿತ್ತು. ನಡುವೆ ಗಾಡಿ ಹಾದುಹೋದರೆ ಅದರ ಹೊಗೆ ಎಷ್ಟು ಬೆಳಕನ್ನು ನುಂಗಿತೆಂದು ವ್ಯಾನಿನೊಳಗಿನ ಪರದೆಯ ಮೇಲೆ ಮೂಡುತ್ತಿತ್ತು. ಗಾಡಿಯವರು ನಿಲ್ಲಬೇಕಾಗಿಯೇ ಇರಲಿಲ್ಲ. ಕನ್ನಡಿ ಒರೆಸುವುದು, ಧೂಳೇಳದಂತೆ ರಸ್ತೆಗೆ ನೀರು ಚಿಮುಕಿಸುವುದು, ಹಾದುಹೋದ ಗಾಡಿಯ ನಂಬರ್ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ಮೊದಲು ಗುಲ್ಬರ್ಗಾದ ರಸ್ತೆಗಳಲ್ಲಿ ಅಳೆದೆವು. ಆಮೇಲೆ ಜೇವರ್ಗಿಯಲ್ಲಿ ಒಂದು ವಾರ. ಕೊನೆಗೆ ಯಂತ್ರ ನನ್ನ ಊರಿಗೇ ಬಂತು. ಊರ ಹೊರಗೆ ಸೊಲ್ಲಾಪುರದ ಕಡೆ ಹೋಗುವ ದಾರಿ ಸ್ವಲ್ಪ ಏರುತ್ತದೆ. ಏರಿನಲ್ಲಿ ಎಂಜಿನ್ ತಿಣುಕುತ್ತದೆ, ಅದರ ನಿಜವಾದ ಹೊಗೆ ಅಲ್ಲಿಯೇ ಕಾಣುತ್ತದೆಂದು ಪ್ರಾಧ್ಯಾಪಕರು ಆ ಜಾಗವನ್ನು ಆರಿಸಿದ್ದರು.

ಮೊದಲ ದಿನವೇ ಚಾಚಾನ ಲಾರಿ ಬಂತು. ಚಾಚಾ ಅಂದರೆ ಅಪ್ಪನ ಇಪ್ಪತ್ತು ವರ್ಷದ ಗೆಳೆಯ. ಒಂದೇ ಲಾರಿಯ ಮಾಲೀಕ, ಅದರ ಡ್ರೈವರೂ ಅವನೇ. ತೊಗರಿ ಹೇರಿಕೊಂಡು ಹೊರಟವನು ನನ್ನನ್ನು ಕಂಡು ಕೈ ಬೀಸಿದ. ಹಿಂದೆಯೇ ಕರಿ ಹೊಗೆ ರಸ್ತೆಯನ್ನು ಮುಚ್ಚಿತು. ಪರದೆ ನೋಡುತ್ತಿದ್ದ ಪ್ರಾಧ್ಯಾಪಕರು ಅಲ್ಲಿಂದಲೇ ಕೂಗಿದರು: "ಈ ನಂಬರ್ ಸರಿಯಾಗಿ ಬರ್ಕೋಳಮ್ಮ. ಇದರ ಹೊಗೆ ತಪಾಸಣೆ ಚೀಟಿ ಏನು ಹೇಳತ್ತೆ ಅಂತ ಆಮೇಲೆ ಹುಡುಕಬೇಕು."

ಚೀಟಿ ಏನು ಹೇಳುತ್ತದೆಂದು ನನಗೆ ಆಗಲೇ ಗೊತ್ತಿತ್ತು. ಲಾರಿ ಶುದ್ಧ ಎಂದೇ ಹೇಳುತ್ತದೆ. ಹಿಂದಿನ ವಾರವಷ್ಟೇ ತಪಾಸಣೆಗೆ ಮುನ್ನ ಎಣ್ಣೆ ಕಡಿಮೆ ಹೋಗಿ ಹೊಗೆ ತಗ್ಗುವಂತೆ ಅಪ್ಪ ಪಂಪಿನ ಸ್ಕ್ರೂ ಇಳಿಸಿದ್ದನ್ನೂ, ಚೀಟಿ ಸಿಕ್ಕ ಸಂಜೆ ಮತ್ತೆ ಏರಿಸಿದ್ದನ್ನೂ ಕಟ್ಟೆಯ ಮೇಲೆ ಕೂತು ನೋಡಿದ್ದೆ. ನಂಬರಿನ ಕೊನೆಯ ಏಳನ್ನು ನಾನು ಒಂದು ಎಂದು ಬರೆದೆ.

ಮನೆಗೆ ಬಂದು ಊಟಕ್ಕೆ ಕೂತಾಗ ರೊಟ್ಟಿ ಮುರಿದು ಹಾಗೇ ಇಟ್ಟೆ. ಅಪ್ಪನೇ ಕೇಳಿದ: "ಯಾಕ ಬೇ, ಆರಾಮಿಲ್ಲೇನು?"

ನಾನು ಎಲ್ಲ ಹೇಳಿದೆ. ಸ್ಕ್ರೂವಿನ ಮಾತು ಬಂದಾಗ ಅವನು ತಲೆ ತಗ್ಗಿಸಲಿಲ್ಲ. "ಹೌದು, ನಾನs ಏರಸ್ತೇನಿ. ಎಲ್ಲಾರೂ ಏರಸ್ತಾರ. ಲೋಡ್ ಎಳೀಬೇಕಲ್ಲ?" ಎಂದ. ಆದರೆ ಅಂಕಿ ತಪ್ಪಿಸಿದ್ದು ಕೇಳಿದ ಮೇಲೆ ಅವನು ತಾಟನ್ನು ಪಕ್ಕಕ್ಕೆ ಸರಿಸಿದ.

"ನಾ ಮಾಡಿದ್ದು ನನ್ನ ತಲಿ ಮ್ಯಾಲಿರಲಿ. ನೀ ಯಾಕ ಸುಳ್ಳು ಬರದಿ? ಇದಕ್ಕೇನು ನಿನಗ ಓದ್ಸಿದ್ದು?"

ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೈದಿದ್ದರೆ ಅಳು ಬರುತ್ತಿತ್ತು, ಹಗುರವಾಗುತ್ತಿದ್ದೆ.

ಮರುದಿನ ಅವನು ನನ್ನ ಜೊತೆಗೇ ಏರಿಗೆ ಬಂದ. ನಾನು ನಂಬರ್ ಬರೆಯುವ ಪುಸ್ತಕ ತೆರೆದು ತಪ್ಪು ಒಪ್ಪಿಕೊಂಡೆ. ಪ್ರಾಧ್ಯಾಪಕರು ಆ ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ನನ್ನ ಸಹಿ ಮಾಡಿಸಿಕೊಂಡರು. ಅಂದಿನಿಂದ ಕೆಲಸ ಮುಗಿಯುವವರೆಗೂ ನಾನು ಬರೆದ ಪ್ರತಿ ಪುಟವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು.

ಅಪ್ಪ ಕೈ ಮುಗಿದು ಹೇಳಿದ: "ಆ ಲಾರಿ ಪಂಪ್ ನನ್ನ ಕೈಯಾಂದ್ರಿ, ಸ್ಕ್ರೂ ನಾನs ಏರ್ಸಿದ್ದು. ಬೇಕಂದ್ರ ತೋರಸ್ತೇನಿ, ನೋಡ್ರಿ."

ಚಾಚಾ ಸೊಲ್ಲಾಪುರದಿಂದ ಮರಳಿದ ಮೇಲೆ, ಇನ್ನೊಂದು ಲೋಡ್ ತೊಗರಿ ಹೇರಿದ ಲಾರಿಯನ್ನು ಅಪ್ಪ ಏರಿಗೆ ಕರೆಸಿದ. ಮೊದಲು ಸ್ಕ್ರೂ ಇದ್ದಂತೆಯೇ ಒಮ್ಮೆ ಏರು ಹತ್ತಿಸಿದರು. ಆಮೇಲೆ ಅಪ್ಪ ಬಾನೆಟ್ಟಿನೊಳಗೆ ಬಗ್ಗಿ ಸ್ಕ್ರೂ ಇಳಿಸಿದ. ಅದೇ ಭಾರ, ಅದೇ ಏರು. ಈ ಸಲ ಲಾರಿ ಮೊದಲ ಗೇರಿನಲ್ಲಿ ತೆವಳಿಕೊಂಡು ಹೋಯಿತು. ಹೊಗೆ ಮಾತ್ರ ತೆಳ್ಳಗಿತ್ತು. ಪ್ರಾಧ್ಯಾಪಕರು ಅಪ್ಪನನ್ನು ವ್ಯಾನಿನೊಳಗೆ ಕರೆದು ಎರಡೂ ಸಲದ ಅಂಕಿಗಳನ್ನು ತೋರಿಸಿದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಂಕಿಗಳು ಬರುತ್ತಿದ್ದವು. ಬಹಳ ಹೊತ್ತು ನೋಡಿದ.

ಏರಿನ ಪಕ್ಕದಲ್ಲಿ ಒಂದು ಪ್ರಾಥಮಿಕ ಶಾಲೆಯಿತ್ತು. ರಸ್ತೆಯ ಕಡೆಯ ಗೋಡೆ ಆಳೆತ್ತರದವರೆಗೆ ಕಪ್ಪಾಗಿತ್ತು. ಅಪ್ಪ ವ್ಯಾನಿನಿಂದಿಳಿದು ಆ ಗೋಡೆಗೆ ಬೆರಳು ಹಚ್ಚಿ, ಬೆರಳನ್ನು ನೋಡಿಕೊಂಡ.

"ಗಾಡಿ ಏರ್‍ತೈತಿಲ್ಲೋ ಅಷ್ಟs ಕೇಳ್ಕೋತ ಬಂದೆ. ಹಿಂದ ಏನ್ ಬಿಟ್ಟು ಹೋಗಾಕತ್ತೈತಿ ಅಂತ ನೋಡ್ಲಿಲ್ಲ," ಎಂದ.

ಚಾಚಾ ಕಾಯುತ್ತಿದ್ದ. "ಆತಲ್ಲ ನಿಮ್ಮ ತಮಾಷಾ? ಈಗ ಸ್ಕ್ರೂ ಏರ್ಸು, ಹೋಗ್ತೇನಿ."

"ಇನ್ ಮ್ಯಾಲ ಏರ್ಸಂಗಿಲ್ಲೋ ದೋಸ್ತ. ಲೋಡ್ ಕಮ್ಮಿ ಹಾಕು."

"ಕಮ್ಮಿ ಹಾಕಿದ್ರ ಬಾಡಿಗಿ ಯಾರ್ ಕೊಡ್ತಾರ? ನಾ ಒಬ್ಬನs ಸಿಕ್ಕೆನೇನು ನಿನಗ?"

ಅಪ್ಪ ಲಾರಿಯ ಬಾನೆಟ್ಟು ಮುಚ್ಚಿದ. ಚಾಚಾ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಮರುದಿನ ಬೇರೆ ಮೆಕ್ಯಾನಿಕ್‌ನ ಹತ್ತಿರ ಸ್ಕ್ರೂ ಏರಿಸಿಕೊಂಡನೆಂದು ಕೇಳಿದೆವು. ಅಪ್ಪನ ಅಂಗಡಿಗೆ ಮತ್ತೆ ಅವನು ಬರಲಿಲ್ಲ. ಅಪ್ಪ ಯಾರ ಪಂಪಿನ ಸ್ಕ್ರೂವನ್ನೂ ಏರಿಸದೆ, ಉಳಿದ ಲಾರಿಗಳೂ ಒಂದೊಂದಾಗಿ ತಪ್ಪಿದವು. ಎರಡು ವರ್ಷದಲ್ಲಿ ಅಪ್ಪ ಹಳ್ಳಿಗಳ ಬಾವಿಗಳ ಮೇಲಿನ ಡೀಸೆಲ್ ಎಂಜಿನ್ ರಿಪೇರಿಗೆ ಇಳಿದ. ನನ್ನ ಮದುವೆಗೆ ಚಾಚಾ ಬಂದಿದ್ದ. ನನ್ನ ತಲೆಯ ಮೇಲೆ ಕೈಯಿಟ್ಟು, ಊಟ ಮಾಡಿ, ಅಪ್ಪನನ್ನು ಮಾತಾಡಿಸದೆ ಹೋದ.

ಯಂತ್ರ ಕೆಲವೇ ತಿಂಗಳಲ್ಲಿ ಬಂದ ಕಡೆಗೆ ಮರಳಿತು. ನನ್ನ ಕೆಲಸವೂ ಮುಗಿಯಿತು. ವರ್ಷಗಳ ನಂತರ ಒಮ್ಮೆ ಸರಸಂಬಾ ಹಳ್ಳಿಯ ಹೊಲವೊಂದರಲ್ಲಿ ಎಂಜಿನ್ ಬಿಚ್ಚಿಕೊಂಡು ಕೂತಿದ್ದ ಅಪ್ಪ ಕೇಳಿದ: "ಅವತ್ತು ಅಳದಿದ್ದೆಲ್ಲ ಏನಾತು? ಯಾರರೆ ಓದಿದ್ರೇನು?"

"ಗೊತ್ತಿಲ್ಲಪ್ಪ."

"ಗೊತ್ತಿಲ್ಲಂದ್ರ ಹೆಂಗ? ಕೇಳು."

ಪ್ರಾಧ್ಯಾಪಕರಿಗೆ ಎರಡು ಕಾಗದ ಬರೆದೆ. ಅವರು ಅಷ್ಟರಲ್ಲಿ ನಿವೃತ್ತರಾಗಿ ಊರು ಬಿಟ್ಟಿದ್ದರು. ಕಾಗದಗಳು ಯಾರ ಕೈ ಸೇರಿದವೋ, ಉತ್ತರ ಬರಲಿಲ್ಲ. ಅಪ್ಪ ಆಮೇಲೂ ಒಂದೆರಡು ಸಲ ಕೇಳಿದ. ಕೊನೆಗೆ ಕೇಳುವುದನ್ನು ಬಿಟ್ಟ.