ಓನರ್ ಅತ್ತೆಯ ಕತ್ತರಿ

ನಮ್ಮ ಅತ್ತೆಯನ್ನು, ಎಂದರೆ ನನ್ನ ಹೆಂಡತಿಯ ತಾಯಿಯನ್ನು, ಬೀದಿಯವರೆಲ್ಲ ಓನರ್ ಎಂದೇ ಕರೆಯುತ್ತಿದ್ದರು. ಅವರ ಹೊಲಿಗೆ ಅಂಗಡಿ ಇದ್ದದ್ದು ಬಾಡಿಗೆ ಕೋಣೆಯಲ್ಲಿ. ಹೊಲಿಯುವ ಇಬ್ಬರು ಅಣ್ಣತಮ್ಮಂದಿರು ತಮ್ಮ ಮಷಿನ್‌ಗಳನ್ನು ತಾವೇ ತಂದಿದ್ದರು. ಉದ್ದನೆಯ ಮೇಜು ಕಟ್ಟಡದವರದು. ಅತ್ತೆಯದು ಅಂತ ಇದ್ದದ್ದು ಒಂದು ಕತ್ತರಿ.

ಅದು ಕಪ್ಪು ಕಬ್ಬಿಣದ ಭಾರವಾದ ಕತ್ತರಿ. ಅತ್ತೆಗೆ ಎಡಗೈ ವಾಟ. ಚಿಕ್ಕವಳಿದ್ದಾಗ ಎಲ್ಲರೂ ಎಡಚಿ ಅಂತ ಆಡಿಕೊಳ್ಳುತ್ತಿದ್ದರಂತೆ. ಅವರ ಸೋದರಮಾವ ಮಾತ್ರ ಕಮ್ಮಾರನ ಹತ್ತಿರ ಕೂತು, ಅಲಗು ತಿರುವುಮುರುವು ಹಾಕಿಸಿ, ಆ ಕೈಗೆಂದೇ ಅದನ್ನು ಮಾಡಿಸಿಕೊಟ್ಟರು. ಗಂಡ ತೀರಿಕೊಂಡ ಮೇಲೆ ಅತ್ತೆ ಅದೊಂದರಿಂದಲೇ ಮಗಳನ್ನು ಸಾಕಿದರು.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಒಬ್ಬರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಕೈ ಬದಲಾದರೆ ಅಲಗು ಕೆಡುತ್ತದೆ ಎಂದು ಹೊಲಿಗೆಯವರು ನಂಬುತ್ತಾರೆ. ನನ್ನ ಹೆಂಡತಿ ಚಿಕ್ಕಂದಿನಲ್ಲಿ ಅದರಲ್ಲಿ ಒಂದು ದಾರ ಕತ್ತರಿಸಿದ್ದಕ್ಕೆ ಅತ್ತೆ ಸಂಜೆಯವರೆಗೂ ಅವಳ ಜೊತೆ ಮಾತಾಡಿರಲಿಲ್ಲವಂತೆ.

ನಾನು ಕೆಲಸ ಮಾಡುತ್ತಿದ್ದ ಗೋದಾಮು ಮುಚ್ಚಿದಾಗ ಅತ್ತೆಯೇ ಕರೆದು ಅಂಗಡಿಗೆ ಸೇರಿಸಿಕೊಂಡರು. ಬೆಳಿಗ್ಗೆ ನಾನು ನೆಲ ತೊಳೆಯುವುದನ್ನು ನೋಡಿ ಬಂದವರಿಗೆಲ್ಲ ಹೇಳುತ್ತಿದ್ದರು: "ಅಳಿಯ ಮನೆ ತೊಳಿಯ ಅಂತಾರೆ. ನಮ್ಮ ಅಳಿಯ ಅಂಗಡಿನೂ ತೊಳೀತಾನೆ."

ಕತ್ತರಿಸುವುದನ್ನೂ ಕಲಿಸಲು ನೋಡಿದರು. ಯಾರೋ ಬಿಟ್ಟುಹೋಗಿದ್ದ ಹಳೆಯ ಕತ್ತರಿಯನ್ನು ಬಲಗೈಯಲ್ಲಿ ಹಿಡಿದರೆ ಬಟ್ಟೆ ನನ್ನಿಂದ ತಪ್ಪಿಸಿಕೊಂಡು ಓಡುತ್ತಿತ್ತು. "ಭಾವ, ಇದು ತೋಳಾ, ನದಿ ದಡಾನಾ?" ಎಂದು ಅಣ್ಣತಮ್ಮಂದಿರು ನಕ್ಕರು. ನನಗೆ ಇಸ್ತ್ರಿ, ಗುಂಡಿ ಎರಡೇ ಕೆಲಸ ಉಳಿದವು. ನನ್ನದೂ ಹುಟ್ಟಾ ಎಡಗೈ. ಆದರೆ ಶಾಲೆಯಲ್ಲಿ ಆ ಕೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸಿದ್ದರು. ಅಕ್ಷರ ಹತ್ತಲಿಲ್ಲ, ಶಾಲೆ ಬಿಟ್ಟೆ, ಎಡಗೈ ಮಾತ್ರ ಅವತ್ತಿನಿಂದ ಹೆದರಿಕೊಂಡೇ ಇತ್ತು. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಕೋಟಿನ ಲೈನಿಂಗ್ ಬದಲಿಸಿಕೊಳ್ಳಲು ಬರುತ್ತಿದ್ದರು. ಒಂದು ದಿನ ಅತ್ತೆ ಅವರನ್ನು ಕೇಳಿಯೇಬಿಟ್ಟರು, ಎಲ್ಲರೂ ಓನರ್ ಓನರ್ ಅಂತಾರಲ್ಲ, ಆ ಮಾತು ಎಲ್ಲಿಂದ ಬಂತು ಎಂದು. ಮೇಷ್ಟ್ರಿಗೆ ಅಷ್ಟೇ ಬೇಕಿತ್ತು. ಸ್ಟೂಲ್ ಎಳೆದುಕೊಂಡು ಕೂತರು. 'ಓನ್' (own) ಅಂದರೆ ಸ್ವಂತ. ಇಂಗ್ಲಿಷಿನಲ್ಲಿ 'ಓ' (owe) ಅಂತ ಇನ್ನೊಂದು ಮಾತಿದೆ, ಅಂದರೆ ಇನ್ನೊಬ್ಬರಿಗೆ ಸಲ್ಲಿಸಬೇಕಾದದ್ದು ನಮ್ಮ ಮೇಲಿದೆ ಅಂತ. ಬಹಳ ಹಿಂದೆ ಅದಕ್ಕೂ ನನ್ನ ಹತ್ತಿರ ಇದೆ ಎಂದೇ ಅರ್ಥ ಇತ್ತಂತೆ. ಬರಬರುತ್ತ ಅರ್ಥ ತಿರುಗಿತು. ಮಾಡಬೇಕಾದದ್ದು ಅನ್ನುವ 'ಆಟ್' (ought) ಎಂಬ ಮಾತೂ ಅದೇ ಬೇರಿನದು.

"ಮೂರೂ ಒಂದೇ ತಾಯಿ ಮಕ್ಕಳು," ಎಂದರು ಮೇಷ್ಟ್ರು.

"ಅಂದ್ರೆ ಇಟ್ಕೊಂಡೋರ ಮೇಲೇ ಋಣ," ಎಂದರು ಅತ್ತೆ. "ಇಂಗ್ಲಿಷಿನೋರಿಗೂ ಗೊತ್ತಿತ್ತು ಅನ್ನಿ." ಮತ್ತೆ ಬಟ್ಟೆಗೆ ಬಗ್ಗಿದರು.

ಆ ವರ್ಷವೇ ಅತ್ತೆಯ ಎಡಗೈ ಹೆಬ್ಬೆರಳು ಊದಿಕೊಳ್ಳಲು ಶುರುವಾಯಿತು. ಕತ್ತರಿಯ ಹಿಡಿಯೊಳಗೆ ಬೆರಳು ಹೋಗುವುದೇ ಕಷ್ಟ. ಆಗಲೇ ಆಸ್ಪತ್ರೆಯೊಂದರ ನರ್ಸುಗಳ ಮೇಲಂಗಿಗೆ ದೊಡ್ಡ ಆರ್ಡರ್ ಬಂತು. ಬಟ್ಟೆಯ ಥಾನುಗಳು ಗೋಡೆಗೆ ಒರಗಿ ನಿಂತವು. ಅಣ್ಣತಮ್ಮಂದಿರಿಗೆ ಹೊಲಿಗೆಯಷ್ಟೇ ಬರುತ್ತಿತ್ತು, ಕತ್ತರಿಸುವ ಕೈ ಇಲ್ಲ. ಬೇರೆ ಅಂಗಡಿಯ ಕಟಿಂಗ್ ಮಾಸ್ಟರುಗಳು ತಮ್ಮ ಕೆಲಸವೇ ಕೈತುಂಬ ಇದೆ ಎಂದರು. ಬಟ್ಟೆ ವಾಪಸ್ಸಾದರೆ ಅಂಗಡಿ ಮುಚ್ಚಬೇಕು. ಅಣ್ಣತಮ್ಮಂದಿರು ಮಷಿನ್ ಎಲ್ಲಿಗೆ ಹೊತ್ತೊಯ್ಯುವುದು ಎಂದು ಪಿಸುಗುಡತೊಡಗಿದ್ದರು.

ಅತ್ತೆ ಹಟ ಬಿಡಲಿಲ್ಲ. ಹಲ್ಲು ಕಚ್ಚಿ ಕತ್ತರಿ ಎತ್ತಿದರು. ಬೆರಳು ಒಪ್ಪಲಿಲ್ಲ. ಕತ್ತರಿ ಮೇಜಿನಂಚಿಗೆ ಬಡಿದು ಕೆಳಗೆ ಜಾರಿತು. ಕಲ್ಲು ನೆಲಕ್ಕೆ ಬಿದ್ದಿದ್ದರೆ ತುದಿ ಮುರಿಯುತ್ತಿತ್ತು. ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ನಾನು ಯೋಚಿಸದೆ ಕೈ ಚಾಚಿ ಹಿಡಿದುಬಿಟ್ಟೆ.

ಮಷಿನ್‌ಗಳು ನಿಂತವು. ಓನರ್ ಕತ್ತರಿಯನ್ನು ಇನ್ನೊಬ್ಬ ಮುಟ್ಟಿದ್ದ. ಅತ್ತೆ ನನ್ನ ಮುಖ ನೋಡಲಿಲ್ಲ. ಕೈ ನೋಡಿದರು. ಕತ್ತರಿ ಎಡಗೈಯಲ್ಲಿತ್ತು, ಬೆರಳುಗಳು ತಾವಾಗಿ ಹಿಡಿಯೊಳಗೆ ಕೂತಿದ್ದವು.

"ಯಾವತ್ತಿಂದ?" ಎಂದರು.

"ಹುಟ್ಟಿದಾಗಿಂದ ಅತ್ತೆ."

"ಮತ್ತೆ ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ, ಗುಂಡಿನಾ?"

ಅಣ್ಣತಮ್ಮಂದಿರಲ್ಲಿ ಚಿಕ್ಕವನು ಕಿಸಕ್ಕೆಂದು ನಕ್ಕ. ನಾನು ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಅತ್ತೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಕತ್ತರಿಯನ್ನು ಮುಂಗೈಯಿಂದ ನನ್ನ ಕಡೆ ತಳ್ಳಿದರು. ಎಡಗೈಯಲ್ಲೇ ಎತ್ತಿಕೊಂಡೆ. ಗೆರೆಗುಂಟ ಬಟ್ಟೆ ನೀರಿನ ಹಾಗೆ ಬಿಚ್ಚಿಕೊಂಡಿತು. ಇಷ್ಟು ವರ್ಷ ನನ್ನ ಕೈಯೇ ದಂಡ ಎಂದುಕೊಂಡಿದ್ದೆ. ಕಣ್ಣು ಮಂಜಾಯಿತು. ಅತ್ತೆ ಗದರಿದರು: "ಅಳೋದು ಆಮೇಲೆ. ಗೆರೆ ನೋಡು."

ಮೇಲಂಗಿಗಳು ಹೇಳಿದ ದಿನಕ್ಕೆ ಹೋದವು. ಮೊದಲ ಕೆಲವು ತೋಳುಗಳನ್ನು ಅತ್ತೆ ಪಕ್ಕದಲ್ಲೇ ನಿಂತು ತಿದ್ದಿಸಿದರು, ಆಮೇಲೆ ಸ್ಟೂಲಿಗೆ ಹೋಗಿ ಕೂತರು. ಈಗ ಗುಂಡಿ ಹಚ್ಚುವುದು ಅವರು, ಬಲಗೈಯಲ್ಲಿ, ಬೈದುಕೊಂಡು. ಮೇಷ್ಟ್ರು ಬಂದು ಈಗ ಓನರ್ ಯಾರು ಎಂದು ಕೇಳಿದರೆ ಸೂಜಿಯನ್ನು ನನ್ನ ಕಡೆ ತೋರಿಸುತ್ತಾರೆ.

ಸಂಜೆ ಕತ್ತರಿಗೆ ಎಣ್ಣೆ ಸವರಿ ನಾನು ಅತ್ತೆಯ ಮುಂದೆ ಇಡುತ್ತೇನೆ. ಅವರು ತುದಿಯನ್ನು ಉಗುರಿಗೆ ಹಚ್ಚಿ ನೋಡಿ, ಮುಂಗೈಯಿಂದ ಹಿಂದಕ್ಕೆ ತಳ್ಳುತ್ತಾರೆ.

"ನನಗ್ಯಾಕೆ ಇದು? ನಮ್ಮ ಸೋದರಮಾವ ನನಗೆ ಕೊಟ್ಟ, ನಾನು ನಿನಗೆ ಕೊಟ್ಟೆ. ಮುಂದಿನ ಎಡಚ ಎಲ್ಲಿದ್ದಾನೋ ನೋಡ್ತಿರು."

ಬೀದಿಯಲ್ಲಿ ಹೋಗುವ ಮಕ್ಕಳು ಯಾವ ಕೈಯಲ್ಲಿ ಚೆಂಡು ಎಸೆಯುತ್ತಾರೆ ಎಂದು ಅವತ್ತಿನಿಂದ ನೋಡುತ್ತಲೇ ಇದ್ದೇನೆ.