ಅಕ್ಕ ನಕ್ಕಿದ್ದಳೇ

ನ್ಯುಮೋನಿಯಾ ವಾಸಿಯಾಗಿ ದಾವಣಗೆರೆಯ ಆಸ್ಪತ್ರೆಯಿಂದ ಹೊನ್ನಾಳಿಯ ಮನೆಗೆ ಬಂದ ಮೇಲೆ, ನಾನು ಹುಷಾರಾದೆನೆಂದು ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ತೀರ್ಮಾನಿಸುತ್ತಿದ್ದರು. ಗಂಡನಿಗೆ ನಾನು ರೊಟ್ಟಿ ತಿಂದರೆ ಸಾಕಿತ್ತು. ಬ್ಲೌಸ್ ಹೊಲಿಸಲು ಬರುವ ಹೆಂಗಸರು ಮಾತಾಡುತ್ತಲೇ ನನ್ನ ಕೈ ನಡುಗುತ್ತದೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಡಾಕ್ಟರು ಪ್ರತಿಸಲವೂ ನನ್ನನ್ನು ಕಾರಿಡಾರಿನಲ್ಲಿ ನಡೆಸಿ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ ನೋಡಿ, ತಲೆಯಾಡಿಸುತ್ತಿದ್ದರು. ಯಾರದೂ ಸುಳ್ಳಲ್ಲ. ಐಸಿಯುನಲ್ಲಿ ಬಾಯಿಗೆ ಪೈಪು ಹಾಕಿಸಿಕೊಂಡು ಯಂತ್ರದ ಉಸಿರಿನಲ್ಲಿ ಬದುಕಿದ್ದವಳು ಈಗ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿಬರುತ್ತಿದ್ದೆ.

ನನ್ನನ್ನು ಕೊರೆಯುತ್ತಿದ್ದುದೇ ಬೇರೆ. ಐಸಿಯುನಲ್ಲಿದ್ದಾಗ ನಮ್ಮೂರ ಹೊಳೆಯ ನೀರು ಒಳಗೆ ನುಗ್ಗಿತ್ತು. ಮಂಚದ ಪಕ್ಕದಲ್ಲೇ ಗುಳುಗುಳು ಸದ್ದು. ನನ್ನ ಎರಡೂ ಕೈ ಕಟ್ಟಿದ್ದರು. ಗೋವಿನಕೋವಿ ಎಂಬ ಊರಿಗೆ ಕೊಟ್ಟಿದ್ದ ನನ್ನ ಸ್ವಂತ ಅಕ್ಕ ಬಾಗಿಲಲ್ಲಿ ನಿಂತು, ನಾನು ಮುಳುಗುವುದನ್ನು ನೋಡಿ ನಗುತ್ತಿದ್ದಳು.

ಹೊಳೆ ದಾವಣಗೆರೆಯ ಆಸ್ಪತ್ರೆಯೊಳಗೆ ಬರುವುದಿಲ್ಲವೆಂದು ನನಗೂ ಗೊತ್ತು. ಆದರೆ ಮಣಿಕಟ್ಟಿನಲ್ಲಿ ಗುರುತು ಇತ್ತಲ್ಲ. ಕೈ ಕಟ್ಟಿದ್ದು ನಿಜವಾದರೆ ಅಕ್ಕ ನಕ್ಕಿದ್ದು? ಕೇಳಿದರೆ ತಲೆ ಕೆಟ್ಟಿದೆ ಎಂದುಕೊಂಡಾರು ಎಂಬ ಹೆದರಿಕೆ. ಅವಳ ಫೋನು ಬಂದಾಗಲೆಲ್ಲ, ಮಲಗಿದ್ದಾಳೆ ಎಂದು ಹೇಳಿ ಅಂತ ಗಂಡನಿಗೆ ಸನ್ನೆ ಮಾಡುತ್ತಿದ್ದೆ.

ಒಂದು ಸಲ ತಪಾಸಣೆಗೆ ಹೋದಾಗ ಬೆಂಚಿನ ಮೇಲೆ ಬಿಳಿಚೋಡು ಊರಿನ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ಕುರಿ ಸಾಕುವವರು. ಅವರೇ ಮಾತು ತೆಗೆದರು.

"ನಿಮಗೂ ಪೈಪ್ ಹಾಕಿದ್ರೇನಮ್ಮ?"

ಹೂಂ ಎಂದೆ.

"ಅವಾಗ ನನ್ ಕುರಿಯೆಲ್ಲಾ ಮಂಚದ ಕೆಳಗೇ ಇದ್ವು ನೋಡ್ರಿ. ನರ್ಸಮ್ಮ ಒಂದೊಂದೇ ಹಿಡ್ಕೊಂಡೋಗಿ ಮಾರ್ತಿದ್ಲು. ಆಯಮ್ಮನ ಮೇಲೆ ಏನ್ ಸಿಟ್ಟು ಬಂದಿತ್ತು ಅಂತೀರಿ!"

ನಾನು ಅವರ ಕಡೆ ತಿರುಗಿ ಕೂತೆ. "ಅದು ಸುಳ್ಳು ಅಂತ ಹೆಂಗೆ ಗೊತ್ತಾತು?"

"ಮಗನ್ನ ಕೇಳ್ದೆ. ಕುರಿಹಟ್ಟಿಗೆ ಕರ್ಕೊಂಡೋಗಿ ತೋರಿಸ್ದ. ಮುಟ್ಟಿ ನೋಡಿದ ಮೇಲೆ ಸಮಾಧಾನ ಆತು."

ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿ ಬಾ ಎಂದೆ. ಮಾರನೆಯ ದಿನ ಬೆಳಗಿನ ಬಸ್ಸಿಗೇ ಅವರೆಕಾಯಿ ಹೊತ್ತುಕೊಂಡು ಬಂದಳು. ಇಬ್ಬರೂ ಸುಲಿಯುತ್ತ ಕೂತೆವು. ಅವಳ ಮುಖ ನೋಡದೆ ಕೇಳಿದೆ.

"ಅಕ್ಕ, ನನ್ ಕೈ ಕಟ್ಟಿದ್ರಾ?"

"ಕಟ್ಟಿದ್ರು. ಪೈಪ್ ಕಿತ್ತಾಕಾಕೆ ಹೋಗ್ತಿದ್ದೆ ನೀನು. ಮೆತ್ತನೆ ಪಟ್ಟೀಲಿ ಕಟ್ಟಿದ್ರು."

"ನೀರಿನ ಸದ್ದು ಬರ್ತಿತ್ತು."

"ಪಕ್ಕದ ಮಂಚದೋರಿಗೆ ಆಕ್ಸಿಜನ್ ಕೊಟ್ಟಿದ್ರಲ್ಲ, ಆ ಬಾಟ್ಲಿ ನೀರು ಗುಳುಗುಳು ಅಂತಿತ್ತು."

ಉಳಿದದ್ದು ಒಂದೇ. "ಬಾಗ್ಲಲ್ಲಿ ನಿಂತು ನೀನು ನಗ್ತಿದ್ದೆ."

ಅಕ್ಕನ ಕೈ ನಿಂತಿತು. "ಮೂಗು ಬಾಯಿ ಮುಚ್ಚಿ ಮಾಸ್ಕ್ ಹಾಕಿದ್ದೆ ಕಣೆ. ನಕ್ಕಿದ್ದು ಹೆಂಗೆ ಕಾಣ್ತು ನಿಂಗೆ?" ಎಂದಳು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಭುಜ ಅಲ್ಲಾಡಿದ್ದು ಕಂಡಿರ್ಬೇಕು. ನಾನು ಅಳ್ತಿದ್ದೆ," ಎಂದಳು.

ತಲೆಯೆತ್ತಿ ಅವಳ ಮುಖ ನೋಡಿದೆ. ಅವಳೇ ಮುಂದುವರಿದಳು: "ಇದಕ್ಕೇನು ನೀನು ಫೋನ್ ಎತ್ತದೇ ಇದ್ದಿದ್ದು? ಡಾಕ್ಟ್ರು ಹುಷಾರಾದ್ಲು ಅಂದ್ರು, ನಿನ್ ಗಂಡ ಚೆನ್ನಾಗಿ ಉಣ್ತಾಳೆ ಅಂದ್ರು. ನೀನು ನನ್ ಜೊತೆ ಮಾತೇ ಆಡ್ದಿದ್ರೆ, ಹುಷಾರಾಗಿದ್ದೀಯ ಅಂತ ನಾನು ಹೆಂಗೆ ನಂಬ್ಲಿ?"

ಮುಂದಿನ ಸಲ ಡಾಕ್ಟರು ಬೆರಳಿಗೆ ಕ್ಲಿಪ್ ಹಾಕಲು ಬಂದಾಗ, ಮೊದಲು ಇದನ್ನು ಕೇಳಿ ಎಂದು ಎಲ್ಲವನ್ನೂ ಹೇಳಿದೆ. ಉಸಿರಿನ ಯಂತ್ರ ಹಾಕಿಸಿಕೊಂಡ ಬಹಳ ಜನರಿಗೆ ಹೀಗಾಗುತ್ತದೆ, ನಾವೇ ಕೇಳಬೇಕಿತ್ತು ಎಂದರು ಅವರು. ಆ ಒಂದು ಮಾತಿನಿಂದ ನನಗಾದ ನಿರಾಳ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಸೂಜಿಗೆ ದಾರ ಪೋಣಿಸಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇನೆ. ಆ ದಿನಗಳ ಚೂರುಗಳು ಆಗಾಗ ತಲೆಯಲ್ಲಿ ಏಳುತ್ತವೆ, ಎದ್ದಾಗ ಅಕ್ಕನಿಗೆ ಫೋನ್ ಮಾಡುತ್ತೇನೆ. ಮೊನ್ನೆ, ಅಲ್ಲಿ ಯಾರೋ ಹೆಂಗಸು ಸಣ್ಣಗೆ ಹಾಡಿಕೊಳ್ಳುತ್ತಿದ್ದಳಲ್ಲ, ಅದೂ ಸುಳ್ಳೇ ಎಂದು ಕೇಳಿದೆ.

"ಅದು ನಿಜ ಕಣೆ," ಎಂದಳು. "ನೆಲ ಒರ್ಸಾಕೆ ಬರ್ತಿದ್ದ ಆಯಮ್ಮ. ಚೆನ್ನಾಗಿ ಹಾಡ್ತಿದ್ಲು."